ನರವೈವಿಧ್ಯ ಕೇವಲ ಪ್ರತಿಭೆಯ ಪ್ರಶ್ನೆಯಲ್ಲ

ಆಟಿಸಂನಂಥ (ಮಾತುಕತೆ, ಒಡನಾಟಗಳ ರೀತಿ ಭಿನ್ನವಾಗಿರುವ) ಸ್ಥಿತಿಗಳನ್ನು ಕಾಯಿಲೆಯೆನ್ನದೆ ಮಿದುಳಿನ ಸಹಜ ಭಿನ್ನತೆಯೆಂದು ಕಾಣುವ ನರವೈವಿಧ್ಯದ ಚಿಂತನೆಯನ್ನು, ಈ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ತಂತ್ರಜ್ಞಾನ ಕಂಪನಿಗಳ ಕೊಡುಗೆಯೆಂಬಂತೆ ಬಣ್ಣಿಸಿರುವುದನ್ನು ಒಪ್ಪಲಾಗದು. ಜರ್ಮನಿಯ ತಂತ್ರಾಂಶ ಕಂಪನಿ ಸ್ಯಾಪ್ ತನ್ನ ಬೆಂಗಳೂರಿನ ಕಚೇರಿಯಲ್ಲಿ ಆಟಿಸಂ ಇರುವವರನ್ನು ತಂತ್ರಾಂಶ ಪರೀಕ್ಷೆಯ ಕೆಲಸಕ್ಕೆ ತೆಗೆದುಕೊಂಡು, 2013ರಲ್ಲಿ ಆ ಪ್ರಯೋಗವನ್ನು ಇತರ ದೇಶಗಳಿಗೂ ವಿಸ್ತರಿಸುವುದಾಗಿ ಘೋಷಿಸಿದ್ದು ನಿಜ; ಅದು ಮೆಚ್ಚತಕ್ಕದ್ದೇ. ಆದರೆ ಅದಕ್ಕೂ ಎರಡು ದಶಕ ಮುಂಚೆ, 1992ರಲ್ಲಿ, ಬಹುಮಟ್ಟಿಗೆ ಪೋಷಕರೂ ವೈದ್ಯರೂ ಆಟಿಸಂ ಕುರಿತು ಮಾತನಾಡುತ್ತಿದ್ದ ಕಾಲದಲ್ಲಿ, ಸ್ವತಃ ಆಟಿಸಂ ಇರುವ ಅಮೆರಿಕದ ಜಿಮ್ ಸಿಂಕ್ಲೇರ್ ಮೊದಲಾದವರು ಆಟಿಸಂ ಇರುವವರದೇ ಒಂದು ಸಂಘಟನೆಯನ್ನು ಕಟ್ಟಿದ್ದರು. ಮುಖಾಮುಖಿ ಮಾತು ಕಷ್ಟವಾದ ಅನೇಕರಿಗೆ, ಯೋಚಿಸಿ ಬರೆದು ಉತ್ತರಿಸಲು ಎಡೆಗೊಡುವ ಅಂತರ್ಜಾಲ ಆಗ ಒದಗಿಬಂದಿತು. ಅವರು ಕೇಳಿದ್ದು ಹಕ್ಕನ್ನು.

ಕಂಪನಿಗೆ ಬೇಕಾದ ಕೌಶಲವಿರುವವರನ್ನಷ್ಟೇ ಕೊಂಡಾಡಿದರೆ, ಮಾತು ಬಾರದ, ದಿನವಿಡೀ ಆರೈಕೆ ಬೇಕಾದ ಮಕ್ಕಳ ಹೆತ್ತವರು ಎಲ್ಲಿಗೆ ಹೋಗಬೇಕು? ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸರ್ಕಾರಿ ಹುದ್ದೆಗಳಲ್ಲಿ ಮೀಸಲಿಟ್ಟಿರುವ ಕನಿಷ್ಠ ಶೇ 4ರಲ್ಲಿ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ಅಂಗವೈಕಲ್ಯ ಇವೆಲ್ಲಕ್ಕೂ ಸೇರಿ ಸಿಗುವುದು ಶೇ 1 ಮಾತ್ರ, ಮತ್ತು ಖಾಸಗಿ ವಲಯಕ್ಕೆ ಆ ಮೀಸಲಾತಿ ಅನ್ವಯಿಸುವುದೇ ಇಲ್ಲ. ಲೇಖಕರು ಕಂಪನಿಗಳ ಔದಾರ್ಯವನ್ನು ಹೊಗಳುವ ಮೊದಲು ಈ ಕಾಯ್ದೆಯನ್ನು ಚರ್ಚಿಸಬೇಕಿತ್ತು.