ಕುತ್ತಿಗೆಗೆ ಗಾಳಿ ಬಡಿದೀತು

ಇಟಲಿಯ ಬೊಲೋನ್ಯಾಗೆ ಬಂದು ಎರಡನೇ ವಾರ. ಶನಿವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಹಾಗೇ ಬೆನ್ನ ಮೇಲೆ ಬಿಟ್ಟುಕೊಂಡು ಹಾಲು ತರೋಣ ಅಂತ ಕೆಳಗಿಳಿದೆ. ಮೆಟ್ಟಿಲ ಮೇಲೆ ಮೂರನೇ ಮಹಡಿಯ ಸಿನ್ಯೋರಾ ಎದುರಾದರು. ಎಂಬತ್ತರ ಹತ್ತಿರ ವಯಸ್ಸು. ಕೈಯಲ್ಲಿ ತರಕಾರಿ ಚೀಲ. ನಾನು ಬೊಂಜೋರ್ನೊ ಅಂದೆ. ಅವರು ನನ್ನ ತಲೆ ನೋಡಿದರು, ಚೀಲ ಕೆಳಗಿಟ್ಟರು. "ಫೋನ್ ಇಲ್ವಾ ನಿನ್ನ ಹತ್ರ?" ಅಂದರು.

ಆ ವಾಕ್ಯದಲ್ಲಿ ನನಗೆ ಅರ್ಥವಾದದ್ದು 'ಫೋನ್' ಒಂದೇ. ಪಾಪ, ಯಾರಿಗೋ ಅರ್ಜೆಂಟಾಗಿ ಮಾತಾಡಬೇಕೇನೋ ಅಂತ ಮೊಬೈಲ್ ತೆಗೆದು ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ವಾಪಸ್ ನನ್ನ ಕೈಯಲ್ಲಿಟ್ಟರು. ಆಮೇಲೆ ತಮ್ಮ ಬಲಗೈಯನ್ನು ಪಿಸ್ತೂಲಿನ ಥರ ಮಾಡಿ, ಕಿವಿಯ ಹತ್ತಿರ ಹಿಡಿದು, ಬಾಯಲ್ಲಿ 'ಫ್ಫ್ಫ್' ಅಂತ ಊದಿದರು. ಈ ಅಜ್ಜಿ ನನಗೆ ಶೂಟ್ ಮಾಡ್ಕೋ ಅಂತಿದಾರಾ ಅಂತ ಒಂದು ಕ್ಷಣ ಗಾಬರಿಯಾಯಿತು.

ಹೇರ್ ಡ್ರೈಯರ್‌ಗೆ ಇಲ್ಲಿ ಫೋನ್ ಅಂತಾರೆ. ಆಲ್ಪ್ಸ್ ಬೆಟ್ಟದಿಂದ ಇಳಿದು ಬರುವ ಒಂದು ಬೆಚ್ಚನೆ ಗಾಳಿಯ ಹೆಸರು ಅದು. ಅದೇ ಯಂತ್ರಕ್ಕೂ ಬಂದಿದೆ. ಇದೆಲ್ಲ ಆಮೇಲೆ ತಿಳಿದದ್ದು. ಅವತ್ತು ಸಿನ್ಯೋರಾ ನನ್ನ ತೋಳು ಹಿಡಿದು ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋದರು, ಕುರ್ಚಿಯಲ್ಲಿ ಕೂರಿಸಿದರು, ತಲೆ ಪೂರ್ತಿ ಒಣಗುವ ತನಕ ಬಿಡಲಿಲ್ಲ. ನನಗೆ ಆಗ ಮೂವತ್ತನಾಲ್ಕು ವರ್ಷ. ಸ್ವಂತ ಸಂಬಳ, ಸ್ವಂತ ಮನೆ ಬೀಗದ ಕೈ. ಆದರೂ ತಲೆ ಬಗ್ಗಿಸಿ ಕೂತಿದ್ದೆ.

ತೀರ್ಥಹಳ್ಳಿ ಹತ್ತಿರದ ಅಜ್ಜಿಮನೆಯಲ್ಲಿ ನಾನು ಹೀಗೆ ಕೂತು ಇಪ್ಪತ್ತೈದು ವರ್ಷವಾದರೂ ಆಗಿತ್ತು. ಎಣ್ಣೆಸ್ನಾನ ಆದ ಮೇಲೆ ಅಜ್ಜಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಅದರ ಮೇಲೆ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ನನ್ನ ಕೂದಲು ಹರಡುತ್ತಿದ್ದರು. ಹೊಗೆಗೆ ಕಣ್ಣಲ್ಲಿ ನೀರು. ಎದ್ದು ಓಡಿದರೆ "ಒದ್ದೆ ತಲೇಲಿ ಗಾಳಿಗೆ ಹೋಗ್ಬೇಡ್ವೇ, ಶೀತ ಆಗುತ್ತೆ" ಅಂತ ಬೆನ್ನ ಹಿಂದೆ ಕೂಗು. ಸಂಜೆಯಾದರೆ ಕಿವಿಗೆ ಹತ್ತಿ, ಅದರ ಮೇಲೆ ಮಫ್ಲರ್. ಕಾಲೇಜಿಗೆ ಅಂತ ಬೆಂಗಳೂರು ಸೇರಿದಾಗ ನನಗೆ ಆದ ಮೊದಲ ಸಂತೋಷ, ಒದ್ದೆ ತಲೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತದ್ದು. ಅಲ್ಲಿಂದ ಏಳು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ಬಂದರೆ ಇಲ್ಲೂ ಅದೇ ಅಜ್ಜಿ.

ಈ ರೋಗಕ್ಕೆ ಇಟಲಿಯಲ್ಲಿ ಹೆಸರೂ ಇದೆ. 'ಕೋಲ್ಪೊ ದಾರಿಯಾ', ಅಂದರೆ ಗಾಳಿಯ ಹೊಡೆತ. ಕೋಲ್ಪೊ ಅಂದರೆ ಹೊಡೆತ, ಆರಿಯಾ ಅಂದರೆ ಗಾಳಿ. ಇವರಿಗೆ ಎಲ್ಲವೂ ಹೊಡೆಯುತ್ತೆ. ಬಿಸಿಲು ಹೊಡೆಯುತ್ತೆ, ಅದು ನಮಗೂ ಗೊತ್ತು. ಗಾಡಿ ಓಡಿಸುವಾಗ ನಿದ್ದೆಯೂ ಹೊಡೆಯುತ್ತೆ. ಸಿಡಿಲಿನ ಹೊಡೆತ ಅಂದರೆ ನೋಡಿದ ಕೂಡಲೇ ಹುಟ್ಟುವ ಪ್ರೀತಿ. ಇವೆಲ್ಲದರಲ್ಲಿ ಜನ ನಿಜವಾಗಿ ಹೆದರುವುದು ಗಾಳಿಯದಕ್ಕೇ. ಕುತ್ತಿಗೆ ಹಿಡಿದುಕೊಂಡರೆ ಗಾಳಿ, ಸೊಂಟ ಹಿಡಿದರೆ ಗಾಳಿ, ಹೊಟ್ಟೆ ಕೆಟ್ಟರೂ ಗಾಳಿ. ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಗಂಭೀರವಾಗಿ ಕೂರುವ ಮನುಷ್ಯ ಒಂದು ದಿನ ರಜೆ ಹಾಕಿದ. ಮರುದಿನ ಏನಾಗಿತ್ತು ಅಂತ ಕೇಳಿದರೆ "ಗಾಳಿ ಹೊಡೀತು" ಅಂದ. ಸುತ್ತ ಇದ್ದವರೆಲ್ಲ ಅಯ್ಯೋ ಪಾಪ ಅಂತ ತಲೆಯಾಡಿಸಿದರು. ನಮ್ಮೂರ ಕಡೆ ಯಾರಿಗಾದರೂ ಗಾಳಿ ಸೋಕಿದೆ ಅಂದರೆ ತಾಯಿತ ಕಟ್ಟಿಸೋಕೆ ಕರೆದುಕೊಂಡು ಹೋಗ್ತಾರೆ. ಇಲ್ಲಿ ಹಸಿರು ಪ್ಲಸ್ ಗುರುತಿನ ಔಷಧಿ ಅಂಗಡಿಗೆ ಹೋಗಿ ಬಿಸಿಪಟ್ಟಿ ತಂದು ಅಂಟಿಸಿಕೊಳ್ತಾರೆ. ಅಷ್ಟೇ ವ್ಯತ್ಯಾಸ.

ಗಾಳಿಯಲ್ಲೂ ಎರಡು ಜಾತಿ ಇವೆ ಅನ್ನೋದು ಗೊತ್ತಾಗಲು ನನಗೆ ಒಂದು ಚಳಿಗಾಲ ಬೇಕಾಯಿತು. ಜನವರಿಯಲ್ಲಿ, ಹೊರಗೆ ಸೊನ್ನೆ ಡಿಗ್ರಿ ಇರುವಾಗ, ಸಿನ್ಯೋರಾ ಬೆಳಿಗ್ಗೆ ಎದ್ದು ಮನೆಯ ಕಿಟಕಿಗಳನ್ನೆಲ್ಲ ತೆರೆದಿಡುತ್ತಾರೆ. ಹಾಸಿಗೆಯ ರಜಾಯಿ ಕಿಟಕಿಯ ಮೇಲೆ ನೇತಾಡುತ್ತಿರುತ್ತೆ. ಇದು 'ಗಾಳಿ ಬದಲಾಯಿಸುವುದು', ಒಳ್ಳೆಯದು. ಎರಡು ಕಿಟಕಿಗಳ ನಡುವೆ ಹಾಯುವ ಗಾಳಿ 'ಕೊರ್ರೆಂತೆ', ಅದು ಕೆಟ್ಟದ್ದು. ಜುಲೈನಲ್ಲಿ ಮೂವತ್ತೆಂಟು ಡಿಗ್ರಿಯ ಬಸ್ಸಿನಲ್ಲಿ, ಬೆವರು ಒರೆಸಿಕೊಳ್ಳುತ್ತಲೇ, "ಆ ಕಿಟಕಿ ಮುಚ್ತೀರಾ, ಕೊರ್ರೆಂತೆ ಬರ್ತಿದೆ" ಅಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಚ್ಚಿದೆ. ಏನು ಮಾಡೋದು, ಹಿರಿಯರು.

ಇದನ್ನು ತಡೆಯಲು ಇರುವ ಸಾಮಾನು ನೋಡಬೇಕು ನೀವು. ಅಂಗಿಯ ಒಳಗೆ ಹಾಕುವ ಉಣ್ಣೆ ಬನಿಯನ್ನಿಗೆ 'ಮಾಲ್ಯಾ ದೆಲ್ಲಾ ಸಲೂತೆ' ಅನ್ನುತ್ತಾರೆ, ಆರೋಗ್ಯದ ಬನಿಯನ್. ಕುತ್ತಿಗೆಗೆ ಶಾಲು ಸುತ್ತೋದು ಫ್ಯಾಶನ್ ಅಂತ ನಾನು ಅಂದುಕೊಂಡಿದ್ದೆ. ಇಟಾಲಿಯನ್ನರ ಸ್ಟೈಲ್ ನೋಡಿ ಅಂತ ಫೋಟೊ ಹಾಕ್ತಾರಲ್ಲ, ಅದರಲ್ಲಿ ಅರ್ಧ ಸ್ಟೈಲ್ ಕುತ್ತಿಗೆ ನೋವಿನ ಹೆದರಿಕೆ. ಈಜುಕೊಳಕ್ಕೆ ಹೋದರೆ ಈಜಿದ್ದು ಅರ್ಧ ಗಂಟೆ, ಗೋಡೆಯ ಫೋನ್ ಕೆಳಗೆ ಸಾಲಾಗಿ ನಿಂತು ತಲೆ ಒಣಗಿಸಿಕೊಂಡದ್ದು ಇನ್ನರ್ಧ ಗಂಟೆ. ಬೊಲೋನ್ಯಾದಲ್ಲಂತೂ ಊರಿಗೆ ಊರೇ ಛಾವಣಿ ಹಾಕಿಕೊಂಡಿದೆ. ಕಂಬಸಾಲಿನ ಮೊಗಸಾಲೆಗಳು ಎಲ್ಲ ಸೇರಿ 62 ಕಿಲೋಮೀಟರ್, 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಮಳೆ ಬಂದರೂ ಕೊಡೆಯಿಲ್ಲದೆ ಪೇಟೆ ಸುತ್ತಬಹುದು. ಇಷ್ಟಾದರೂ ಸಿನ್ಯೋರಾಗೆ ಸಮಾಧಾನವಿಲ್ಲ. ಕಂಬಗಳ ಸಂದಿಯಲ್ಲಿ ನುಗ್ಗುವ ಗಾಳಿ ಎಲ್ಲಕ್ಕಿಂತ ಅಪಾಯವಂತೆ.

ಒಂದು ಸಲ ವಾದ ಮಾಡಿದೆ. ಗಾಳಿಯ ಮೇಲೆ ತಪ್ಪು ಹೊರಿಸೋದು ನಿಮ್ಮ ದೇಶದ ಹಳೇ ಚಾಳಿ ಅಂದೆ. ಮಲೇರಿಯಾ ಅನ್ನುವ ಪದ ಇವರದ್ದೇ ಅಲ್ವಾ, ಮಾಲಾ ಆರಿಯಾ, ಕೆಟ್ಟ ಗಾಳಿ. ಜೌಗು ನೆಲದಿಂದ ಏಳುವ ಗಾಳಿಯಿಂದಲೇ ಜ್ವರ ಬರುತ್ತೆ ಅಂತ ಶತಮಾನಗಳ ಕಾಲ ನಂಬಿದ್ದರು. ಆಮೇಲೆ ನಮ್ಮ ಬೆಂಗಳೂರಿನ ಕಥೆ ಹೇಳಿದೆ. 1883ರಲ್ಲಿ ರೊನಾಲ್ಡ್ ರಾಸ್ ಅಲ್ಲಿ ಸೈನ್ಯದ ಡಾಕ್ಟರ್ ಆಗಿದ್ದರು. ಮನೆ ತುಂಬ ಸೊಳ್ಳೆ. ಕಿಟಕಿ ಪಕ್ಕದ ತೊಟ್ಟಿಯ ನೀರಲ್ಲಿ ಅವು ಮರಿ ಮಾಡುತ್ತಿದ್ದದ್ದು ಕಂಡು, ನೀರು ಚೆಲ್ಲಿಸಿದರು, ಸೊಳ್ಳೆ ಕಡಿಮೆಯಾಯಿತು. 1897ರಲ್ಲಿ ಸಿಕಂದರಾಬಾದಿನಲ್ಲಿ ಅವರೇ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣು ಕಂಡರು. ಮರುವರ್ಷ ಇದೇ ಇಟಲಿಯ ಜೊವಾನ್ನಿ ಬಾತಿಸ್ತಾ ಗ್ರಾಸ್ಸಿ ಮತ್ತು ಜೊತೆಗಾರರು ಮನುಷ್ಯರಿಗೆ ಅದನ್ನು ಹಂಚೋದು ಅನಾಫಿಲಿಸ್ ಸೊಳ್ಳೆ ಅಂತ ತೋರಿಸಿದರು. ಇದರ ಹೆಸರು ಯಾರಿಗೆ ಸಲ್ಲಬೇಕು ಅಂತ ರಾಸ್‌ಗೂ ಗ್ರಾಸ್ಸಿಗೂ ದೊಡ್ಡ ಜಗಳವೇ ಆಯಿತು. ಅಂತೂ ಗಾಳಿ ನಿರಪರಾಧಿ ಅಂದೆ.

ಸಿನ್ಯೋರಾ ಎಲ್ಲ ಕೇಳಿಸಿಕೊಂಡರು. "ಸರಿ. ಸೊಳ್ಳೆ ಮನೆಯೊಳಗೆ ಬರೋದು ಎಲ್ಲಿಂದ? ಕಿಟಕಿಯಿಂದ ತಾನೆ?" ಅಂದರು.

ನೆಗಡಿ ಬರೋದು ವೈರಸ್‌ನಿಂದ ಅಂತ ನನಗೆ ಗೊತ್ತಿದೆ. ಆದರೆ ಕಳೆದ ನವೆಂಬರಿನಲ್ಲಿ ನನಗೆ ನೆಗಡಿ ಬಂದಾಗ ಆ ವೈರಸ್ಸು ನನ್ನ ಬಾಗಿಲು ತಟ್ಟಲಿಲ್ಲ. ಸಿನ್ಯೋರಾ ತಟ್ಟಿದರು. ಕೈಯಲ್ಲಿ ಮುಚ್ಚಿದ ಪಾತ್ರೆ. ಒಳಗೆ ಪಾಸ್ತೀನಾ, ಅಂದರೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ನಕ್ಷತ್ರದ ಆಕಾರದ ಪಾಸ್ತಾ, ತಿಳಿಯಾದ ಬಿಸಿ ಸಾರಿನಲ್ಲಿ. "ಮಾಂಸ ಹಾಕಿಲ್ಲ, ಬರೀ ಕ್ಯಾರೆಟ್ಟು, ಈರುಳ್ಳಿ, ಸೆಲೆರಿ" ಅಂತ ಬಾಗಿಲಲ್ಲೇ ಆಣೆ ಮಾಡಿದರು. ಸಾರಿನಲ್ಲಿ ಪಾರ್ಮೆಜಾನ್ ಚೀಸಿನ ಗಟ್ಟಿ ಅಂಚೊಂದು ಮೆತ್ತಗೆ ಬೆಂದು ತೇಲುತ್ತಿತ್ತು. ಆ ಚೀಸ್ ಹೆಪ್ಪುಗಟ್ಟೋಕೆ ಏನು ಹಾಕ್ತಾರೆ ಅನ್ನೋದು ನನಗೆ ಗೊತ್ತು, ನಿಮಗೂ ಗೊತ್ತಿದ್ದರೆ ನಮ್ಮಮ್ಮನಿಗೆ ಹೇಳಬೇಡಿ. ಮೇಲೆ ನಾನೇ ನಾಲ್ಕು ಮೆಣಸು ಕುಟ್ಟಿ ಹಾಕಿಕೊಂಡೆ. ಮೂಗು ಬಿಟ್ಟಿತು. ನಾನು ಕುಡಿದು ಮುಗಿಸುವ ತನಕ ಅವರು ಎದುರಿಗೇ ಕೂತಿದ್ದರು. "ಹೇಳಿದ್ದೆ ತಾನೆ, ಶಾಲು ಹಾಕ್ಕೋ ಅಂತ, ತೆಜೋರೊ" ಅಂದರು. ತೆಜೋರೊ ಅಂದರೆ ನಿಧಿ. ಅಜ್ಜಿ ಬೈಯುವಾಗ 'ಚಿನ್ನ' ಅಂತ ಸೇರಿಸುತ್ತಿದ್ದರು, ಬೈಗುಳದ ಕೊನೆಗೆ.

ಈ ವರ್ಷ ಅಮ್ಮ ಬಂದರು, ಏಪ್ರಿಲ್ ಇಪ್ಪತ್ತಕ್ಕೆ. ಬೊಲೋನ್ಯಾದಲ್ಲಿ ಮನೆ ಬಿಸಿಮಾಡುವ ಹೀಟರ್ ಸಾಮಾನ್ಯವಾಗಿ ಅಕ್ಟೋಬರ್ 15ರಿಂದ ಏಪ್ರಿಲ್ 15ರ ತನಕ ಮಾತ್ರ, ಅದು ಕಾನೂನು. ಆಮೇಲೆ ಚಳಿಯಾದರೆ ಅವರವರ ಕರ್ಮ. ಅಮ್ಮ ಬಂದ ಮೂರನೇ ದಿನ ಶುಕ್ರವಾರ. ಆರು ಗಂಟೆಗೇ ಎದ್ದು ತಲೆಸ್ನಾನ ಮಾಡಿ, ತುರುಬಿಗೆ ಟವೆಲ್ ಕಟ್ಟಿಕೊಂಡು, ಸೂರ್ಯನಿಗೆ ಕೈ ಮುಗಿಯೋಕೆ ಬಾಲ್ಕನಿಗೆ ಹೋದರು. ಟವೆಲ್ ಬಿಚ್ಚಿ ಕೂದಲು ಝಾಡಿಸುತ್ತಿದ್ದ ಹಾಗೆ ಕೆಳಗಿನ ಬಾಲ್ಕನಿಯಿಂದ ಕೂಗು ಶುರುವಾಯಿತು.

ಜೀವನವೆಲ್ಲ ನನಗೂ ನಮ್ಮಪ್ಪನಿಗೂ ಮಫ್ಲರ್ ಸುತ್ತಿದ ಹೆಂಗಸು ನಮ್ಮಮ್ಮ. ಅವರಿಗೆ ಯಾರೂ ಹೀಗೆ ಬೈದದ್ದಿಲ್ಲ. ಬಗ್ಗಿ ಕೆಳಗೆ ನೋಡಿದರು. ಅಲ್ಲಿ ಸಿನ್ಯೋರಾ ಕತ್ತೆತ್ತಿ, ಒಂದು ಕೈಯಿಂದ ತಮ್ಮ ಕುತ್ತಿಗೆ ತೋರಿಸುತ್ತಾ, ಇನ್ನೊಂದು ಕೈಯನ್ನು ಪಿಸ್ತೂಲು ಮಾಡಿ ಕಿವಿಗೆ ಗುರಿಯಿಟ್ಟುಕೊಂಡಿದ್ದರು. ಅಮ್ಮ ಕನ್ನಡದಲ್ಲಿ "ಆಯ್ತು, ಆಯ್ತು, ಒಳಗೆ ಹೋಗ್ತೀನಿ" ಅಂದರು. ಒಳಗೆ ಬಂದು ಬಾಗಿಲು ಹಾಕಿಕೊಂಡು, "ಯಾರೇ ಅವರು? ನನ್ನ ಅತ್ತೆ ಥರಾನೇ ಇದಾರಲ್ಲೇ" ಅಂದರು. ಸೋಫಾ ಮೇಲೆ ಕೂತು ಒಂದು ನಿಮಿಷ ಸುಧಾರಿಸಿಕೊಂಡು, "ಒಂಚೂರು ಫೋನ್ ಕೊಡು" ಅಂದರು.

ನಾನು ಬಚ್ಚಲಿನಿಂದ ತಂದು, ಪ್ಲಗ್ ಹಾಕಿ, ಕೈಗೆ ಕೊಟ್ಟೆ.

ಅಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು. "ಇದ್ರಲ್ಲಿ ನಿಮ್ಮಪ್ಪಂಗೆ ಹೆಂಗೇ ಮಾತಾಡ್ಲಿ?"