ವಿಂಡೋಸನ್ನು ಕೊನೆಗೆ ಬಿಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಪರಿಚಯಸ್ಥರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಲಿನಕ್ಸ್ ಹಾಕಿಕೊಳ್ಳಬಹುದೇ?’ ಅದೂ ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಆಪರೇಟಿಂಗ್ ಸಿಸ್ಟಮ್, ದುಡ್ಡು ಕೊಡದೆ ಸಿಗುತ್ತದೆ. ಧಾರಾಳವಾಗಿ ಹಾಕಿಕೊಳ್ಳಿ. ನನ್ನ ನಿತ್ಯದ ಕೆಲಸವೆಲ್ಲ ನಡೆಯುವುದು ಅದರಲ್ಲೇ, ಬೇಡ ಎನ್ನಲು ನನ್ನ ಬಳಿ ಕಾರಣವಿಲ್ಲ. ಆದರೆ ‘ಈ ಭಾನುವಾರ ಕೂತು ಹಾಕಿಬಿಡುತ್ತೇನೆ’ ಎಂದವರನ್ನು ಮಾತ್ರ ತಡೆಯುತ್ತೇನೆ. ಆಪರೇಟಿಂಗ್ ಸಿಸ್ಟಮ್ ಬದಲಾಯಿಸುವುದು ಈ ಕೆಲಸದ ಕಟ್ಟಕಡೆಯ ಹಂತ. ಹೆಚ್ಚಿನವರು ಅದನ್ನೇ ಮೊದಲ ಹಂತ ಮಾಡಿಕೊಂಡು ಕೈಸುಟ್ಟುಕೊಳ್ಳುತ್ತಾರೆ.

ಬದಲಾಯಿಸಲು ಕಾರಣವೇನೋ ಗಟ್ಟಿಯಾಗಿಯೇ ಇದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. 2016ರಲ್ಲಿ ಕೊಂಡ, 16 ಜಿಬಿ ರ‍್ಯಾಮ್ ಇರುವ, ಇವತ್ತಿಗೂ ಚುರುಕಾಗಿ ಕೆಲಸ ಮಾಡುವ ಯಂತ್ರವೂ ಇದರಿಂದಾಗಿ ಅನರ್ಹ. ಟಿಪಿಎಂ ಬರೀ ನೆಪವೇನಲ್ಲ, ಡಿಸ್ಕಿಗೆ ಹಾಕಿದ ಬೀಗದ ಕೀಲಿಗಳನ್ನು ಜೋಪಾನವಾಗಿಡಲು ಅದು ಉಪಯುಕ್ತವೇ. ಆದರೂ ನನ್ನ ದುಡ್ಡಿನಲ್ಲಿ ಕೊಂಡ ಯಂತ್ರಕ್ಕೆ ನಿವೃತ್ತಿಯ ವಯಸ್ಸು ಗೊತ್ತುಮಾಡಲು ಇವರು ಯಾರು ಎಂಬ ಸಿಟ್ಟು ನನಗಿದೆ. ಲಿನಕ್ಸ್‌ನ ರೀತಿ ಬೇರೆ. ಇಂಟೆಲ್ 386 ಚಿಪ್ ಬಂದದ್ದು 1985ರಲ್ಲಿ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆಯತೊಡಗಿದ್ದು ಆ ಚಿಪ್ ಇದ್ದ ಕಂಪ್ಯೂಟರಿನಲ್ಲೇ. ಲಿನಕ್ಸ್‌ನ ತಿರುಳಾದ ಕರ್ನೆಲ್‌ನಿಂದ 386ರ ಬೆಂಬಲವನ್ನು ಕಿತ್ತುಹಾಕಿದ್ದು 2012ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಅದನ್ನು ಬಳಸುವವರೇ ಉಳಿದಿರಲಿಲ್ಲ ಎನ್ನಬೇಕು. ಹಳೆಯ ಕರ್ನೆಲ್‌ನ ಮೂಲ ಕೋಡ್ ಈಗಲೂ ಸಿಗುತ್ತದೆ, ಹಟವಿರುವವರು ಇಟ್ಟುಕೊಂಡು ಆಡಬಹುದು.

ಹಾಗೆಂದು ಅಟ್ಟದ ಮೇಲಿನ ಪೆಟ್ಟಿಗೆಗಳಿಗೆಲ್ಲ ಜೀವ ಬರುತ್ತದೆ ಎಂದುಕೊಳ್ಳಬೇಡಿ. ಹಳೆಯ ಕಾಲದ 32 ಬಿಟ್ ಪ್ರೊಸೆಸರ್ ಇರುವ ಯಂತ್ರಗಳಿಗೆ ಉಬುಂಟು ಎಂಬ ಡಿಸ್ಟ್ರೋ (ಲಿನಕ್ಸನ್ನು ಬೇಕಾದ ತಂತ್ರಾಂಶಗಳೊಂದಿಗೆ ಕಟ್ಟಿಕೊಡುವ ರೂಪ) ತನ್ನ ಡೆಸ್ಕ್‌ಟಾಪ್ ಇನ್‌ಸ್ಟಾಲರನ್ನು 2017ರಲ್ಲೇ ನಿಲ್ಲಿಸಿತು, ಇನ್ನೊಂದು ಡಿಸ್ಟ್ರೋ ಆದ ಡೆಬಿಯನ್‌ನ 2025ರ 13ನೆಯ ಆವೃತ್ತಿಯಲ್ಲೂ ಅದು ಇಲ್ಲ. 2 ಜಿಬಿ ರ‍್ಯಾಮ್‌ನಲ್ಲಿ ಇಂದಿನ ಬ್ರೌಸರ್ ತೆರೆದರೆ ಯಾವ ಆಪರೇಟಿಂಗ್ ಸಿಸ್ಟಮ್ ಆದರೂ ಏದುಸಿರು ಬಿಡುತ್ತದೆ.

ಇನ್ನು ನನ್ನ ಜಗಳ ಲಿನಕ್ಸ್ ಅಭಿಮಾನಿಗಳ ಜೊತೆ. ‘ಅರ್ಧ ಗಂಟೆಯ ಕೆಲಸ, ಆಮೇಲೆ ಎಲ್ಲ ವಿಂಡೋಸ್‌ನ ಹಾಗೆಯೇ’ ಎಂದು ಹುರಿದುಂಬಿಸುತ್ತಾರೆ. ಅರ್ಧ ಗಂಟೆಯಲ್ಲಿ ಇನ್‌ಸ್ಟಾಲ್ ಆಗುವುದು ನಿಜ. ಮರುದಿನ ಬೆಳಿಗ್ಗೆ ವರ್ಡ್ ಇಲ್ಲ, ಫೋಟೋಶಾಪ್ ಇಲ್ಲ, ಮೆನುಗಳು ಬೇರೆ, ಫೈಲುಗಳು ಇರುವ ಜಾಗ ಬೇರೆ. ಒಂದೇ ಏಟಿಗೆ ಎಲ್ಲವೂ ಹೊಸದಾದರೆ ಯಾವ ತೊಂದರೆ ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಾಗುವುದಿಲ್ಲ. ವಾರ ಕಳೆಯುವುದರೊಳಗೆ ‘ಲಿನಕ್ಸ್ ನಮ್ಮಂಥವರಿಗಲ್ಲ’ ಎಂದು ಹಾಕಿಕೊಂಡವರು ವಿಂಡೋಸ್‌ಗೆ ಹಿಂದಿರುಗುತ್ತಾರೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಅದಕ್ಕೇ ಮೊದಲು ತಂತ್ರಾಂಶಗಳನ್ನು ಬದಲಾಯಿಸಿ ಎನ್ನುತ್ತೇನೆ. ಬ್ರೌಸರಿಗೆ ಫೈರ್‌ಫಾಕ್ಸ್, ವರ್ಡ್-ಎಕ್ಸೆಲ್ ಕೆಲಸಕ್ಕೆ ಲಿಬ್ರೆಆಫೀಸ್, ಇಮೇಲಿಗೆ ಥಂಡರ್‌ಬರ್ಡ್, ವಿಡಿಯೊಗೆ ವಿಎಲ್‌ಸಿ, ಫೋಟೋ ತಿದ್ದಲು ಗಿಂಪ್, ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್, ಲಿನಕ್ಸ್‌ನಲ್ಲಿ ಬಳಸುವ ಇವೆಲ್ಲವೂ ವಿಂಡೋಸ್‌ನಲ್ಲೂ ನಡೆಯುತ್ತವೆ. ಒಂದೊಂದಾಗಿ ಅಲ್ಲೇ ಹಾಕಿಕೊಂಡು ಕೆಲವು ತಿಂಗಳು ಬಳಸಿ. ಸರಿಹೋಗದಿದ್ದರೆ ಹಳೆಯದು ಪಕ್ಕದಲ್ಲೇ ಇರುತ್ತದೆ, ಕೆಲಸ ನಿಲ್ಲುವುದಿಲ್ಲ. ಕೈಗೆ ರೂಢಿಯಾದ ಮೇಲೆ ಕೆಳಗಿನ ಆಪರೇಟಿಂಗ್ ಸಿಸ್ಟಮ್ ಬದಲಾದರೂ ದಿನದ ಬಹುಪಾಲು ನೀವು ನೋಡುವುದು ಅದೇ ಕಿಟಕಿಗಳನ್ನು, ಒತ್ತುವುದು ಅದೇ ಗುಂಡಿಗಳನ್ನು.

ಈ ಹಂತದಲ್ಲಿ ಎದುರಾಗುವ ಒಂದು ತೊಡಕನ್ನು ಬಿಡಿಸಿಯೇ ಹೇಳಬೇಕು. ವರ್ಡ್‌ನಲ್ಲಿ ಮಾಡಿದ ಮೂರು ಪುಟದ ಪತ್ರವನ್ನು ಲಿನಕ್ಸ್‌ನಲ್ಲಿ ಲಿಬ್ರೆಆಫೀಸ್‌ನಿಂದ ತೆರೆಯುತ್ತೀರಿ. ಸಾಲುಗಳು ಎಲ್ಲೆಲ್ಲೋ ಮುರಿದಿರುತ್ತವೆ, ಕೋಷ್ಟಕದ ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರಿರುತ್ತದೆ, ಸಹಿಯ ಜಾಗ ಒಂಟಿಯಾಗಿ ನಾಲ್ಕನೆಯ ಪುಟದಲ್ಲಿ ಕೂತಿರುತ್ತದೆ. ‘ಲಿಬ್ರೆಆಫೀಸ್ ಕಡತವನ್ನು ಹಾಳು ಮಾಡಿತು’ ಎಂಬ ದೂರು ಹುಟ್ಟುವುದು ಇಲ್ಲೇ. ಬಹಳ ಸಲ ಇದು ಅಕ್ಷರಗಳ ಅಗಲದ ಸಮಸ್ಯೆ. ಪತ್ರ ಕ್ಯಾಲಿಬ್ರಿ ಫಾಂಟಿನಲ್ಲಿದೆ, ಅದು ಮೈಕ್ರೋಸಾಫ್ಟ್‌ನ ಸೊತ್ತು, ಲಿನಕ್ಸ್‌ನ ಜೊತೆ ಬರುವುದಿಲ್ಲ. ಅದರ ಬದಲಿಗೆ ಕೂತ ಫಾಂಟಿನ ಅಕ್ಷರಗಳು ಕೂದಲೆಳೆಯಷ್ಟು ಅಗಲವಾಗಿದ್ದರೂ ಸಾಕು, ಪುಟ ತುಂಬುವ ಹೊತ್ತಿಗೆ ಎಲ್ಲ ಅಡಿಮೇಲಾಗುತ್ತದೆ. ಇದಕ್ಕೆಂದೇ ಕಾರ್ಲಿಟೊ ಎಂಬ ಮುಕ್ತ ಫಾಂಟ್ ಇದೆ. ರೂಪದಲ್ಲಿ ತುಸು ಬೇರೆಯಾದರೂ ಅದರ ಪ್ರತಿ ಅಕ್ಷರದ ಅಗಲ ಕ್ಯಾಲಿಬ್ರಿಯಷ್ಟೇ. ಕೇಂಬ್ರಿಯಾಕ್ಕೆ ಕ್ಯಾಲಡಿಯಾ ಇದೆ, ಏರಿಯಲ್ ಮತ್ತು ಟೈಮ್ಸ್ ನ್ಯೂ ರೋಮನ್‌ಗಳಿಗೆ ಲಿಬರೇಷನ್ ಫಾಂಟುಗಳಿವೆ. ಇವಿದ್ದರೆ ಸಾಮಾನ್ಯ ಪತ್ರ, ವರದಿಗಳೆಲ್ಲ ತಮ್ಮ ಪುಟದಲ್ಲೇ ನಿಲ್ಲುತ್ತವೆ. ಎಕ್ಸೆಲ್‌ನಲ್ಲಿ ದೊಡ್ಡ ದೊಡ್ಡ ಮ್ಯಾಕ್ರೋಗಳನ್ನು (ಕೆಲಸವನ್ನು ತಾನಾಗಿ ಮಾಡಿಸುವ ಆದೇಶಗಳ ಸರಣಿ) ಬರೆದುಕೊಂಡವರಿಗೆ ಈ ಭರವಸೆ ಕೊಡಲಾರೆ.

ಕನ್ನಡ ಟೈಪಿಂಗ್ ಬಗ್ಗೆ ಚಿಂತೆ ಬೇಡ. ಲಿನಕ್ಸ್‌ನಲ್ಲಿ ಹಲವು ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ಎಂಬ ತಂತ್ರಾಂಶದ ಜೊತೆಗೆ ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ನುಡಿ ತಂತ್ರಾಂಶದಲ್ಲಿ ಬಳಸುವ ಕೆಜಿಪಿ ಕೀಲಿಮಣೆ ವಿನ್ಯಾಸವೂ ಇನ್‌ಸ್ಕ್ರಿಪ್ಟೂ ಸಿಗುತ್ತವೆ.

ಇನ್‌ಸ್ಟಾಲ್ ಮಾಡುವ ಮುನ್ನ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ ನೋಡಬಹುದು, ಡಿಸ್ಕಿಗೆ ಏನೂ ಆಗುವುದಿಲ್ಲ. ಹಿನ್ನೆಲೆಯ ಚಿತ್ರ ಚೆನ್ನಾಗಿದೆ ಎಂದು ಮೆಚ್ಚಿ ಮುಚ್ಚಬೇಡಿ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ನಿದ್ದೆಯಿಂದ ಏಳುತ್ತದೆಯೇ, ನಿಮ್ಮ ಪ್ರಿಂಟರ್ ಒಂದು ಹಾಳೆಯನ್ನಾದರೂ ಹೊರಹಾಕುತ್ತದೆಯೇ ನೋಡಿ. ಕಡತಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ. ಯಂತ್ರ ಶುರುವಾಗುವಾಗ ಒಪ್ಪಿಗೆಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಮುಂತಾದ ಸೆಟ್ಟಿಂಗ್‌ಗಳನ್ನು ಮುಟ್ಟುವ ಮೊದಲು ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯೇ ಎಂದು ಪರೀಕ್ಷಿಸಿ. ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಅದಿಲ್ಲದೆ ಬೀಗ ಬಿದ್ದರೆ ಯಾವ ಜಾಣನಿಂದಲೂ ತೆಗೆಸಲಾಗದು.

ವಿಂಡೋಸ್, ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವ ಡ್ಯುಯಲ್ ಬೂಟ್ ನನಗೆ ಅಷ್ಟಾಗಿ ಹಿಡಿಸದು, ಬೇಕೆನ್ನುವವರು ಮಾಡಿಕೊಳ್ಳಲಿ. ಮಾಡಿಕೊಂಡ ಮೇಲೆ ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದರೆ ಗಾಬರಿಯಾಗಬೇಡಿ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯವಾದ ಯುಟಿಸಿ ಇಡುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮ ಲೆಕ್ಕದಲ್ಲಿ ಓದಿಕೊಳ್ಳುತ್ತಾರೆ. ಎರಡರಲ್ಲಿ ಒಂದಕ್ಕೆ ಬುದ್ಧಿ ಹೇಳುವ ಒಂದು ಸಾಲಿನ ಆದೇಶದಿಂದ ಇದು ಸರಿಹೋಗುತ್ತದೆ.

ಯಾವ ಡಿಸ್ಟ್ರೋ? ಮಿಂಟ್. ಈ ಚರ್ಚೆಗೆ ಇದಕ್ಕಿಂತ ಹೆಚ್ಚು ಸಮಯ ಕೊಡಬಾರದು.

ಲಿನಕ್ಸ್‌ನ ಮೂಲ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಹಾಗೆಂದು ‘ಓಪನ್ ಸೋರ್ಸ್ ಆದ್ದರಿಂದ ಸುರಕ್ಷಿತ’ ಎಂಬ ಮಾತನ್ನು ಮಾತ್ರ ಕಣ್ಣು ಮುಚ್ಚಿ ನುಂಗಬೇಡಿ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ತಮ್ಮ ಯಂತ್ರಕ್ಕೆ ದೂರದಿಂದ ಯಂತ್ರದೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಬೇರೆಯವರಾಗಿದ್ದರೆ ನೆಟ್‌ವರ್ಕನ್ನು ಬೈದು ಸುಮ್ಮನಾಗುತ್ತಿದ್ದರು. ಅವರು ಕೆದಕುತ್ತಾ ಹೋದರು, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಓಪನ್ ಸೋರ್ಸ್ ತಂತ್ರಾಂಶದೊಳಗೆ ಹೊರಗಿನವರು ನುಗ್ಗಲೆಂದು ಅಡಗಿಸಿಟ್ಟಿದ್ದ ಹಿಂಬಾಗಿಲು ಸಿಕ್ಕಿತು. ಅದನ್ನು ಇಟ್ಟದ್ದು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೊಡುಗೆಗಳನ್ನು ಕೊಟ್ಟು ನಂಬಿಕೆ ಗಳಿಸಿ, ಸಹನಿರ್ವಾಹಕನ ಸ್ಥಾನಕ್ಕೇರಿದ್ದ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ ಅಥವಾ ಗುಂಪು. ಆ ತಂತ್ರಾಂಶವನ್ನು ಅಲ್ಲಿಯವರೆಗೆ ಹೆಚ್ಚುಕಡಿಮೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಇಷ್ಟು ದಿನ ಮೂಲ ಕೋಡ್ ಎಲ್ಲರ ಮುಂದೆ ತೆರೆದೇ ಇತ್ತು, ತಡೆಯಲಾಗಲಿಲ್ಲ. ಅದು ತೆರೆದಿದ್ದರಿಂದಲೇ ಒಬ್ಬ ಹೊರಗಿನವರು ಯಾರ ಅಪ್ಪಣೆಯನ್ನೂ ಕೇಳದೆ ಬುಡಮುಟ್ಟ ಹೋಗಲು ಸಾಧ್ಯವಾಯಿತು, ಮುಖ್ಯ ಡಿಸ್ಟ್ರೋಗಳ ಸ್ಥಿರ ಆವೃತ್ತಿಗಳನ್ನು ತಲುಪುವ ಮೊದಲೇ ಅದು ಸಿಕ್ಕಿಬಿತ್ತು. ನಾನು ಎರಡನ್ನೂ ಒಟ್ಟಿಗೇ ಹೇಳುವವನು. ದುಡ್ಡು ಕೊಡದೆ ಬಳಸುವ ನಾವೆಲ್ಲ ಆ ಒಬ್ಬ ನಿರ್ವಾಹಕರ ಹೆಗಲ ಮೇಲೆ ಕೂತಿದ್ದೆವು ಎನ್ನುವುದನ್ನೂ ಸೇರಿಸುತ್ತೇನೆ.

ಕೆಲವರು ಬದಲಾಗಲಾರರು. ಅಡೋಬಿಯ ತಂತ್ರಾಂಶಗಳಲ್ಲೇ ಅನ್ನ ಸಂಪಾದಿಸುವವರು, ಆಟಗಾರರ ಮೋಸ ತಡೆಯಲು ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೇ ಇಳಿಯುವ ಕರ್ನೆಲ್ ಮಟ್ಟದ ಆಂಟಿಚೀಟ್ ಬೇಡುವ ಆಟಗಳನ್ನು ಆಡುವವರು, ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶವನ್ನು ಕಚೇರಿಯಿಂದ ಹೊತ್ತು ತಂದವರು. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲೇ ನಡೆಸಲು ವೈನ್ ಹಾಕಿ, ವರ್ಚುವಲ್ ಮಷೀನ್ ಹಾಕಿ ಎಂದು ಅವರ ಬೆನ್ನು ಹತ್ತುವುದು ಬೇಡ. ಅವರ ವಿಂಡೋಸ್‌ನಲ್ಲೇ ಫೈರ್‌ಫಾಕ್ಸನ್ನೂ ಲಿಬ್ರೆಆಫೀಸನ್ನೂ ಹಾಕಿಕೊಟ್ಟು ಬನ್ನಿ, ಮುಂದಿನದು ಅವರಿಗೆ ಬಿಟ್ಟದ್ದು.