ಆಕರ್ಷಣೆಯ ಹೆಸರಿನಲ್ಲಿ ನ್ಯೂಟನ್‌ನನ್ನು ಎಳೆದು ತರಬೇಡಿ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಚೇತರಿಸಿಕೊಳ್ಳುತ್ತಿರುವ ನನ್ನ ಚಿಕ್ಕಮ್ಮನಿಗೆ ಯಾರೋ ಒಂದು ವಿಡಿಯೊ ಕಳುಹಿಸಿದ್ದರು. "ಗುರುತ್ವಾಕರ್ಷಣೆ ಎಷ್ಟು ನಿಜವೋ ಆಕರ್ಷಣೆಯ ನಿಯಮವೂ ಅಷ್ಟೇ ನಿಜ. ನಿಮ್ಮ ಬದುಕಿಗೆ ಬಂದದ್ದನ್ನೆಲ್ಲ ನಿಮ್ಮ ಯೋಚನೆಗಳಿಂದ ನೀವೇ ಸೆಳೆದುಕೊಂಡಿದ್ದೀರಿ" ಎಂದು ಅದರಲ್ಲಿ ಒಬ್ಬ ತರಬೇತುದಾರರು ಹೇಳುತ್ತಿದ್ದರು. ಚಿಕ್ಕಮ್ಮ ಅದನ್ನು ನೋಡಿ ನನ್ನನ್ನು ಕೇಳಿದರು: "ನೀನು ಭೌತವಿಜ್ಞಾನ ಪಾಠ ಮಾಡುವವಳಲ್ಲವೇನೇ, ಹೇಳು. ಈ ಕಾಯಿಲೆಯನ್ನು ನಾನೇ ಕರೆಸಿಕೊಂಡೆನೇ?"

ಇಲ್ಲ ಎಂದು ಆ ಕ್ಷಣವೇ ಹೇಳಿದೆ. ಆದರೆ ಅಷ್ಟಕ್ಕೇ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಆಕರ್ಷಣೆ ಎಂಬ ಮಾತಿನ ದಿನಬಳಕೆಯ ಬಗ್ಗೆ ನನ್ನ ತಕರಾರಿಲ್ಲ. ದಸರೆಗೆ ಜಂಬೂಸವಾರಿಯೇ ಪ್ರಮುಖ ಆಕರ್ಷಣೆ, ಬಟ್ಟೆ ಅಂಗಡಿಯಲ್ಲಿ ಆಕರ್ಷಕ ರಿಯಾಯಿತಿ, ಹದಿಹರೆಯದಲ್ಲಿ ಒಬ್ಬರ ಮೇಲೊಬ್ಬರಿಗೆ ಆಕರ್ಷಣೆ. ಕೇಳಿದವರಿಗೆ ಅರ್ಥವಾಗುತ್ತದೆ, ಯಾರಿಗೂ ಮೋಸವಿಲ್ಲ. ಜನಾಕರ್ಷಣ ಯಂತ್ರ, ಧನಾಕರ್ಷಣ ಯಂತ್ರ ಎಂದು ತಾಮ್ರದ ತಗಡುಗಳನ್ನು ಮಾರುವವರು ಕೂಡ ಅದನ್ನು ಮಂತ್ರದ ಹೆಸರಿನಲ್ಲಿಯೇ ಮಾರುತ್ತಾರೆ. ಆದರೆ ಇಂಥ ತರಬೇತುದಾರರು ಹೋಟೆಲಿನ ಸಭಾಂಗಣದಲ್ಲಿ ಅದೇ ಸರಕಿಗೆ ಭೌತವಿಜ್ಞಾನದ ಮುದ್ರೆ ಒತ್ತಿ, ಸಾವಿರಾರು ರೂಪಾಯಿ ಶುಲ್ಕ ಪಡೆದು ಮಾರುವಾಗ ನನಗೆ ಸಿಟ್ಟು ಬರುತ್ತದೆ. ಆ ಮುದ್ರೆ ಅವರದ್ದಲ್ಲ.

ಭೌತವಿಜ್ಞಾನದ ಆಕರ್ಷಣೆಯಲ್ಲಿ ಬಯಕೆಗೆ ಜಾಗವಿಲ್ಲ. ಅದು ಒಮ್ಮುಖವೂ ಅಲ್ಲ. ಅಯಸ್ಕಾಂತವು ಮೊಳೆಯನ್ನು ಎಷ್ಟು ಬಲದಿಂದ ಎಳೆಯುತ್ತದೆಯೋ ಮೊಳೆಯೂ ಅಯಸ್ಕಾಂತವನ್ನು ಅಷ್ಟೇ ಬಲದಿಂದ ಎಳೆಯುತ್ತದೆ. ಪ್ರತಿ ಕ್ರಿಯೆಗೂ ಅಷ್ಟೇ ಪ್ರಮಾಣದ ವಿರುದ್ಧ ಪ್ರತಿಕ್ರಿಯೆ ಇದೆ ಎಂಬ ನ್ಯೂಟನ್ನನ ಮೂರನೆಯ ನಿಯಮವನ್ನು ಮಕ್ಕಳು ಗಟ್ಟಿಯಾಗಿ ಒಪ್ಪಿಸುತ್ತಾರೆ, ಆದರೆ ಇದನ್ನು ಮಾತ್ರ ನಂಬುವುದಿಲ್ಲ. ಆಗ ಅಗಲವಾದ ಬೋಗುಣಿಗೆ ನೀರು ತುಂಬಿಸಿ, ಎರಡು ಥರ್ಮೋಕೋಲ್ ತುಂಡುಗಳನ್ನು ತೇಲಿಬಿಟ್ಟು, ಒಂದರ ಮೇಲೆ ಅಯಸ್ಕಾಂತವನ್ನೂ ಇನ್ನೊಂದರ ಮೇಲೆ ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣವನ್ನೂ ಇಡುತ್ತೇನೆ. ನೀರು ನಿಶ್ಚಲವಾಗುವವರೆಗೆ ಹಿಡಿದಿದ್ದು ಕೈ ಬಿಟ್ಟರೆ ಎರಡೂ ಕದಲುತ್ತವೆ. ಮೊದಲು ನಿಧಾನವಾಗಿ, ಆಮೇಲೆ ರಭಸದಿಂದ ಬಂದು ನಡುವೆ ಎಲ್ಲೋ ಕೂಡಿಕೊಳ್ಳುತ್ತವೆ. ಕೂಡಿದ ಮೇಲೆ ಜೋಡಿ ಅಲ್ಲಿಯೇ ನಿಂತುಬಿಡುತ್ತದೆ. ಒಂದರ ಎಳೆತ ಇನ್ನೊಂದಕ್ಕಿಂತ ಹೆಚ್ಚಾಗಿದ್ದರೆ ಆ ಜೋಡಿ ತನ್ನಷ್ಟಕ್ಕೆ ಒಂದು ದಿಕ್ಕಿಗೆ ಓಡುತ್ತಲೇ ಇರಬೇಕಿತ್ತಲ್ಲವೇ? ಇದು ನಾನು ಕಂಡುಹಿಡಿದ ಪ್ರಯೋಗವಲ್ಲ. ನ್ಯೂಟನ್ ತಾನೇ ಅಯಸ್ಕಾಂತವನ್ನೂ ಕಬ್ಬಿಣವನ್ನೂ ನೀರಿನಲ್ಲಿ ತೇಲಿಬಿಟ್ಟು ನೋಡಿ, 1687ರಲ್ಲಿ ಪ್ರಕಟವಾದ ತನ್ನ 'ಪ್ರಿನ್ಸಿಪಿಯ' ಗ್ರಂಥದಲ್ಲಿ ಬರೆದಿದ್ದಾನೆ.

ತರಬೇತುದಾರರ ಇನ್ನೊಂದು ಮಾತು, "ಸಮಾನವಾದದ್ದು ಸಮಾನವಾದದ್ದನ್ನು ಸೆಳೆಯುತ್ತದೆ, ಅಯಸ್ಕಾಂತದ ಹಾಗೆ." ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ, ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ ಎಂದು ಶಾಲೆಯಲ್ಲಿ ಓದಿದ ಯಾರಿಗಾದರೂ ಇದು ತಲೆಕೆಳಗಾಗಿದೆ ಎಂದು ತಿಳಿಯಬೇಕು. ವಿದ್ಯುದಾವೇಶಗಳ ಕಥೆಯೂ ಅದೇ.

ಗುರುತ್ವದ ಹೆಸರು ಹೇಳುವವರು ಅದರ ಅಳತೆಯನ್ನೂ ಹೇಳಬೇಕು. ಲಂಡನ್ನಿನಲ್ಲಿ ಹೆನ್ರಿ ಕ್ಯಾವೆಂಡಿಶ್ ಒಂದೊಂದೂ ಸುಮಾರು 158 ಕಿಲೋ ತೂಗುವ ಎರಡು ಸೀಸದ ಗುಂಡುಗಳು ಚಿಕ್ಕ ಗುಂಡುಗಳನ್ನು ಎಷ್ಟು ಸೆಳೆಯುತ್ತವೆ ಎಂದು ಅಳೆದು, 1798ರಲ್ಲಿ ಪ್ರಕಟಿಸಿದ. ಚಿಕ್ಕ ಗುಂಡುಗಳು ತಂತಿಯಿಂದ ತೂಗುಬಿಟ್ಟ ಮರದ ದಂಡದ ಎರಡು ತುದಿಗಳಲ್ಲಿದ್ದವು. ತನ್ನ ಮೈಯ ಶಾಖದಿಂದ ಗಾಳಿ ಅಲುಗಿದರೂ ಲೆಕ್ಕ ಕೆಡುತ್ತದೆ ಎಂದು ಆತ ಕೋಣೆಯ ಹೊರಗೆ ನಿಂತು ದೂರದರ್ಶಕದಿಂದ ನೋಡುತ್ತಿದ್ದ. ಅಷ್ಟು ಎಚ್ಚರದಿಂದ ಅಳೆದದ್ದರಿಂದಲೇ, ಆ ಸೆಳೆತವನ್ನು ಭೂಮಿಯ ಸೆಳೆತದೊಂದಿಗೆ ಹೋಲಿಸಿದಾಗ ಭೂಮಿಯ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂಬ ಉತ್ತರ ಸಿಕ್ಕಿತು. ಇಂದಿನ ಲೆಕ್ಕಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ತಲಾ 60 ಕಿಲೋ ತೂಕದ ಇಬ್ಬರು ಒಂದು ಮೀಟರ್ ದೂರದಲ್ಲಿ ನಿಂತರೆ ಅವರ ನಡುವಿನ ಗುರುತ್ವಾಕರ್ಷಣೆ ಎಷ್ಟು ಗೊತ್ತೇ? ಒಂದು ಗ್ರಾಂ ತೂಕದ ಸುಮಾರು 40 ಸಾವಿರದಲ್ಲೊಂದು ಪಾಲು. ಒಂದು ಸಾಸಿವೆ ಕಾಳಿನ ಭಾರಕ್ಕೂ ಅದು ಸಮವಲ್ಲ. ನಡುವಿನ ಅಂತರ ಎರಡು ಮೀಟರ್ ಆದರೆ ಅದರಲ್ಲೂ ಕಾಲು ಭಾಗ ಮಾತ್ರ ಉಳಿಯುತ್ತದೆ. ಯೋಚನೆಯ ಆಕರ್ಷಣೆ ದೂರದೊಂದಿಗೆ ಎಷ್ಟು ಕುಗ್ಗುತ್ತದೆ, ಅದನ್ನು ಯಾವ ಮಾನದಲ್ಲಿ ಅಳೆಯಬೇಕು ಎಂದು ಆ ಸಭಾಂಗಣಗಳಲ್ಲಿ ಎದ್ದುನಿಂತು ಕೇಳುವವರು ಬೇಕು.

ನನಗೆ ಬಹಳ ಪ್ರಿಯವಾದ ಸಂಗತಿಯೊಂದಿದೆ. ಆಕರ್ಷಣೆ ಎಂಬ ಮಾತಿನ ಬಗ್ಗೆ ಸ್ವತಃ ನ್ಯೂಟನ್‌ಗೆ ಅಳುಕಿತ್ತು. ನಡುವೆ ಏನೂ ಇಲ್ಲದೆ ಸೂರ್ಯ ಭೂಮಿಯನ್ನು ಹೇಗೆ ಎಳೆಯುತ್ತಾನೆ ಎಂದು ಹೈಗೆನ್ಸ್, ಲೈಬ್ನಿಟ್ಸ್‌ರಂಥ ಘಟಾನುಘಟಿಗಳು ಆಕ್ಷೇಪಿಸಿದರು. ತನ್ನ ಗ್ರಂಥದ 1713ರ ಎರಡನೆಯ ಆವೃತ್ತಿಯಲ್ಲಿ ನ್ಯೂಟನ್, ಗುರುತ್ವದ ಕಾರಣವನ್ನು ವಿದ್ಯಮಾನಗಳಿಂದ ಕಂಡುಕೊಳ್ಳಲು ತನಗಿನ್ನೂ ಆಗಿಲ್ಲ, ಅದಕ್ಕಾಗಿ ಊಹೆಗಳನ್ನು ಹೆಣೆಯುವುದಿಲ್ಲ ಎಂದು ಬರೆದ. ಗ್ರಹಗಳ ಚಲನೆಯನ್ನೇ ಲೆಕ್ಕಕ್ಕೆ ತಂದ ಮನುಷ್ಯನ ಮಾತಿದು! 1915ರಲ್ಲಿ ಐನ್‌ಸ್ಟೈನ್ ಬಂದು, ಎಳೆತ ಎಂಬ ಬಲವೇ ಬೇಡ, ಸ್ಥಳ ಮತ್ತು ಕಾಲ ಒಂದಾಗಿ ಹೆಣೆದುಕೊಂಡ ದೇಶಕಾಲದ ಬಾಗುವಿಕೆಯಿಂದಲೇ ಎಲ್ಲವನ್ನೂ ವಿವರಿಸಬಹುದು ಎಂದಾಗ ಭೌತವಿಜ್ಞಾನ ತನ್ನ ಇನ್ನೂರು ವರ್ಷಗಳ ನೆಚ್ಚಿನ ಮಾತನ್ನೇ ಮರುಪರೀಕ್ಷೆಗೆ ಒಡ್ಡಿತು. ಇತ್ತ, ಯೋಚನೆಗಳ ಆಕರ್ಷಣೆಯ ನಿಯಮವನ್ನು ಮೊದಮೊದಲು ಪ್ರಚಾರ ಮಾಡಿದವರಲ್ಲಿ ಒಬ್ಬರಾದ ಅಮೆರಿಕದ ವಿಲಿಯಂ ವಾಕರ್ ಅಟ್ಕಿನ್ಸನ್ 1906ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಅದರ ಹಿಂದೆ ಬೋಗುಣಿಯ ನೀರಿನಂಥ ಪ್ರಯೋಗ ಒಂದೂ ಇರಲಿಲ್ಲ.

ಧೈರ್ಯದಿಂದಿರುವುದು, ಒಳ್ಳೆಯದನ್ನು ಬಯಸುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಚಿಕ್ಕಮ್ಮ ಕಿಮೋಥೆರಪಿಯ ದಿನಗಳನ್ನು ಕಳೆದದ್ದೇ ಆ ಧೈರ್ಯದಿಂದ. ಆದರೆ ಗೆದ್ದವರಿಗೆ "ನಿಮ್ಮ ಯೋಚನೆಯೇ ಗೆಲ್ಲಿಸಿತು" ಎನ್ನುವ ನಿಯಮ, ಸೋತವರಿಗೆ "ನಿಮ್ಮ ಯೋಚನೆಯೇ ಸೋಲಿಸಿತು" ಎಂದೂ ಹೇಳುತ್ತದೆ. ಜೀವಕೋಶ ವಿಭಜನೆಯಾಗುವಾಗ ಡಿಎನ್‌ಎಯಲ್ಲಿ ಆಗುವ ತಪ್ಪುಗಳು, ತಂಬಾಕಿನಂಥ ಹಾನಿಕಾರಕಗಳು, ವಂಶದಿಂದ ಬಂದ ಕೆಲವು ಜೀನ್‌ಗಳು, ವಯಸ್ಸು, ಕ್ಯಾನ್ಸರ್‌ಗೆ ಕಾರಣಗಳು ಇಂಥವು. ನೋವಿನಲ್ಲಿ ಮಲಗಿರುವವರ ತಲೆಯ ಮೇಲೆ ಅಪರಾಧವನ್ನೂ ಹೊರಿಸುವುದು ಕ್ರೌರ್ಯ. ಅದಕ್ಕೆ ನಾನು ಬೇರೆ ಹೆಸರು ಕೊಡಲಾರೆ.

ಮನುಷ್ಯರ ನಡುವಿನ ಆಕರ್ಷಣೆಯನ್ನು ವಿಜ್ಞಾನ ಕಡೆಗಣಿಸಿಲ್ಲ. ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ವೆಸ್ಟ್‌ಗೇಟ್ ವಸತಿಗೃಹಗಳಲ್ಲಿ ಯಾರು ಯಾರಿಗೆ ಸ್ನೇಹಿತರಾದರು ಎಂದು ಮನಶ್ಶಾಸ್ತ್ರಜ್ಞರಾದ ಫೆಸ್ಟಿಂಗರ್, ಶಾಕ್ಟರ್ ಮತ್ತು ಬ್ಯಾಕ್ ಅಧ್ಯಯನ ಮಾಡಿ 1950ರಲ್ಲಿ ಪ್ರಕಟಿಸಿದರು. ಪಕ್ಕದ ಬಾಗಿಲಿನವರಲ್ಲಿ 41 ಶೇಕಡಾ ಜನ ಆಪ್ತರಾಗಿದ್ದರೆ, ಅದೇ ಮಹಡಿಯ ಕೊನೆಯ ಬಾಗಿಲಿನವರಲ್ಲಿ 10 ಶೇಕಡಾ ಮಾತ್ರ. ಮೆಟ್ಟಿಲಿನ ಬಳಿ ಇದ್ದವರಿಗೆ ಮೇಲಿನ ಮಹಡಿಯಲ್ಲಿಯೂ ಗೆಳೆಯರಿದ್ದರು. 1968ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಝಯನ್ಸ್, ಒಂದನ್ನು ಮತ್ತೆ ಮತ್ತೆ ನೋಡಿದ ಮಾತ್ರಕ್ಕೇ ಅದರ ಮೇಲೆ ಒಲವು ಹೆಚ್ಚುತ್ತದೆ ಎಂದು ತೋರಿಸಿದರು. ಇವು ಬಲಗಳ ಲೆಕ್ಕವಲ್ಲ, ಜನರ ನಡವಳಿಕೆಯನ್ನು ತಾಳ್ಮೆಯಿಂದ ಗಮನಿಸಿ ಎಣಿಸಿದ ಲೆಕ್ಕ. ಇದರ ಬಗ್ಗೆ ಕನ್ನಡದಲ್ಲಿ ಇನ್ನಷ್ಟು ಬರಹಗಳು ಬರಬೇಕು. ಮನಶ್ಶಾಸ್ತ್ರ ಓದಿದ ಗೆಳೆಯರು ಯಾರಾದರೂ ಬರೆದರೆ ನನ್ನ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಯರಿಗೂ ನಾನೇ ಕಳುಹಿಸಿಕೊಡುತ್ತೇನೆ.